ಪಂಪ್ ಬಿಚ್ಚುವ ಮುನ್ನ ಪೈಪ್ ನೋಡಿ

ಹಿಂದಿನ ಸಂಜೆ ಕಿತ್ತ ಟೊಮೆಟೊ 15 ಕಿಲೋದ ಕ್ರೇಟುಗಳಲ್ಲಿ ತುಂಬಿ ಪಿಕಪ್ ಏರಿಯಾಗಿದೆ. ಹಗ್ಗ ಬಿಗಿದಾಗಿದೆ. ಕೋಲಾರದ ಎಪಿಎಂಸಿಯಲ್ಲಿ ಹರಾಜು ಕೂಗುವ ಹೊತ್ತಿಗೆ ಮಂಡಿಯಲ್ಲಿ ಇಳಿಸಿರಬೇಕು. ಕತ್ತಲಲ್ಲೇ ಹತ್ತಿ ಕೂತು ಕೀ ತಿರುಗಿಸಿದರೆ ಸೆಲ್ಫ್ ಒಂದೇ ಏಟಿಗೆ ಹಿಡಿಯುತ್ತದೆ, ಎಂಜಿನ್ ಗುಡುಗುತ್ತದೆ. ಗಾಡಿ ಬೇಲಿ ದಾಟುವಷ್ಟರಲ್ಲಿ ಆ ಸದ್ದು ಕುಂಟತೊಡಗುತ್ತದೆ. ಏರುತ್ತದೆ, ಇಳಿಯುತ್ತದೆ, ನಿಂತೇ ಹೋಗುತ್ತದೆ. ಮತ್ತೆ ಸೆಲ್ಫ್, ಮತ್ತೆ ಅರ್ಧ ನಿಮಿಷದ ಓಟ, ಮತ್ತೆ ಮೌನ. ನಾಲ್ಕೈದು ಸಲ ಹೀಗಾದ ಮೇಲೆ ಬ್ಯಾಟರಿಯೂ ಕೈ ಚೆಲ್ಲುತ್ತದೆ.

ನಮ್ಮ ಮನೆಯ ಹಳೆಯ ಡೀಸೆಲ್ ಪಿಕಪ್ಪಿಗೂ ಒಮ್ಮೆ ಈ ರೋಗ ಬಂತು. ಟೋ ಮಾಡಿಸಿಕೊಂಡು ಒಂದು ಗ್ಯಾರೇಜಿಗೆ ಒಯ್ದೆವು. ಎರಡು ಸಲ ಸೆಲ್ಫ್ ಹೊಡೆದು ಕೇಳಿದವರು, ‘ಪಂಪ್ ಹೋಗಿದೆ, ಬಿಚ್ಚಬೇಕು’ ಅಂದರು. ಪಂಪ್ ಬಿಚ್ಚಿ, ಪೇಟೆಗೆ ಕಳಿಸಿ, ಕ್ಯಾಲಿಬ್ರೇಷನ್ ಮಾಡಿಸಿ, ನಾಝಲ್‌ಗಳನ್ನೂ ಬದಲಿಸಿ ಕೊಟ್ಟರು. ನಾಲ್ಕು ದಿನ ಹೋಯಿತು, ಸಾವಿರಾರು ರೂಪಾಯಿ ಹೋಯಿತು. ಐದನೇ ದಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಿ ಅದೇ ಬೇಲಿಯ ಹತ್ತಿರ ಆಫ್ ಆಯಿತು.

ಆಮೇಲೆ ಮುಳಬಾಗಿಲು ಕಡೆಯ ಹೆದ್ದಾರಿ ಪಕ್ಕದ ಒಬ್ಬ ಹಿರಿಯ ಮೆಕ್ಯಾನಿಕ್ ಬಂದರು. ಬಾನೆಟ್ ಎತ್ತುವ ಮೊದಲೇ ಅವರು ಕೇಳಿದ ಪ್ರಶ್ನೆ ಇದು: ‘ಸ್ಟಾರ್ಟ್ ಆದ್ಮೇಲೆ ಎಷ್ಟೊತ್ತು ಓಡ್ತದಪ್ಪಾ? ಆಫ್ ಆಗೋವಾಗ ಒದ್ದಾಡ್ಕೊಂಡು ಆಗ್ತದಾ, ಟಪ್ ಅಂತ ಆಗ್ತದಾ?’

ಸ್ಟಾರ್ಟ್ ಆಗಿ ಆಫ್ ಆಗುವ ಗಾಡಿಯ ರೋಗಪತ್ತೆ ಮುಕ್ಕಾಲು ಭಾಗ ಆ ಎರಡು ಪ್ರಶ್ನೆಗಳಲ್ಲೇ ಇದೆ ಎಂದು ನಾನು ಈಗ ನಂಬಿದ್ದೇನೆ. ಹಾಗಾಗಿ ಅವನ್ನು ಬಿಡಿಸಿ ಹೇಳಬೇಕು ಅನ್ನಿಸಿತು.

ಮೊದಲು ಒಂದು ಸಮಾಧಾನದ ಮಾತು. ಗಾಡಿ ಸ್ಟಾರ್ಟ್ ಆಯಿತು ಎಂದರೆ ಅರ್ಧಕ್ಕೂ ಹೆಚ್ಚು ಅನುಮಾನಗಳು ಅಲ್ಲೇ ಕಳೆದವು. ಬ್ಯಾಟರಿ, ಸೆಲ್ಫ್ ಸರಿ ಇವೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 17-18ರಲ್ಲಿ ಒಂದು ಪಾಲಿಗೆ ಅದುಮುತ್ತದೆ, ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಅದರೊಳಕ್ಕೆ ನಾಝಲ್ ಸಿಡಿಸಿದ ಡೀಸೆಲ್ ತಾನಾಗಿ ಹತ್ತಿಕೊಳ್ಳುತ್ತದೆ. ಒಮ್ಮೆ ಹತ್ತಿಕೊಂಡಿತು ಎಂದಾದರೆ ಕಂಪ್ರೆಷನ್ ಇದೆ, ಟೈಮಿಂಗ್ ಇದೆ, ನಾಝಲ್ ಸಿಡಿಸುತ್ತಿದೆ, ಪಂಪ್ ಒತ್ತುತ್ತಿದೆ. ಇಷ್ಟೂ ಕೆಲಸ ಮಾಡಿದ ಎಂಜಿನ್ ಅರ್ಧ ನಿಮಿಷಕ್ಕೆ ನಿಂತರೆ, ಅದಕ್ಕೆ ಬೇಕಾದ್ದು ಏನೋ ಬರುವುದು ನಿಂತಿದೆ ಎಂದೇ ಅರ್ಥ. ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ಬಹುಪಾಲು ಸಲ ಆ ‘ಏನೋ’ ಡೀಸೆಲ್ಲೇ.

ಹಳೆಯದು ಎಂದರೆ ಯಾವುದು? ನಮ್ಮ ರಸ್ತೆಗಳಲ್ಲಿ ಇನ್ನೂ ಹೊರೆ ಹೊರುತ್ತಿರುವ ಟಾಟಾ 207 ಡಿಐ, ಹಳೆಯ ಬೊಲೆರೊ ಪಿಕಪ್ಪುಗಳಂಥವು; ಕಂಪ್ಯೂಟರ್ ಇಲ್ಲದೆ, ಪಂಪಿನ ಯಂತ್ರಬಲದಿಂದಲೇ ಡೀಸೆಲ್ ಅಳೆದು ಕೊಡುವ ಗಾಡಿಗಳು. ಇವುಗಳ ಹೆಸರಲ್ಲೇ ಕೆಲವೊಮ್ಮೆ ಲೆಕ್ಕ ಇರುತ್ತದೆ. 207ರಲ್ಲಿ ಕೂತ ಟಾಟಾ 497 ಎಂಜಿನ್ನಿನ ಸಂಖ್ಯೆಯಲ್ಲಿ 4 ಸಿಲಿಂಡರು, 97 ಮಿಲಿಮೀಟರ್ ಅಗಲದ ಬೋರು ಎರಡೂ ಅಡಗಿವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳದು ಬೇರೆಯದೇ ಲೋಕ. ಅವುಗಳ ಕಾಮನ್ ರೈಲಿನಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ಮೀರುತ್ತದೆ. ಈ ಲೇಖನ ಓದಿ ಅವುಗಳ ಪೈಪಿಗೆ ಸ್ಪ್ಯಾನರ್ ಹಾಕಬೇಡಿ.

ಪಂಪಿನ ಮಾತು ಬಂದಾಗ ಸ್ವಲ್ಪ ಹಿಂದೆ ಹೋಗಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತೋರಿಸಿದ ಎಂಜಿನ್ನಿನೊಳಕ್ಕೆ ಇಂಧನವನ್ನು ಊದುತ್ತಿದ್ದದ್ದು ಅದುಮಿದ ಗಾಳಿ. ಅದಕ್ಕೊಂದು ಭಾರೀ ಕಂಪ್ರೆಸರ್ ಬೇಕಿತ್ತು, ಹಾಗಾಗಿ ಅದು ರಸ್ತೆಗಿಳಿಯದ ಭಾರೀ ಯಂತ್ರವಾಗಿಯೇ ಉಳಿಯಿತು. ಲಾರಿಯೊಳಕ್ಕೆ ಡೀಸೆಲ್ ಎಂಜಿನ್ ಬರಲು ದಾರಿ ಸಲೀಸಾದದ್ದು 1927ರಲ್ಲಿ ಬಾಷ್ ಕಂಪನಿ ಚಿಕ್ಕ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರು ಮಾಡಿದ ಮೇಲೆ. ಅದೇ ಬಾಷ್ ನಂಟಿನಿಂದ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ‘ಮೈಕೋ’ ಹುಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಎಂದೇ ಬದಲಾಯಿತು. ಹಳ್ಳಿಯ ಗ್ಯಾರೇಜುಗಳಲ್ಲಿ ಮಾತ್ರ ಇವತ್ತಿಗೂ ಅದು ಮೈಕೋ ಪಂಪೇ. ಆಡುಗೋಡಿಯ ಆ ಕಾರ್ಖಾನೆಯ ಹೆಸರು ಮೈಕೋ ಲೇಔಟಿನಲ್ಲಿ ಉಳಿದಿದೆ, ಅದರ ಕೆಲಸ ನಾಡಿನ ಟ್ರ್ಯಾಕ್ಟರು, ಲಾರಿ, ಪಿಕಪ್ಪುಗಳ ಎದೆಯಲ್ಲಿ ಉಳಿದಿದೆ.

ಈ ಪಂಪಿನೊಳಗಿನ ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್, ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದು. ಅದಕ್ಕೆ ಬೇರೆ ಆಯಿಲ್ ಇಲ್ಲ, ಹಾದುಹೋಗುವ ಡೀಸೆಲ್ಲೇ ಜಾರಿಕೆ ಕೊಡುತ್ತದೆ. ಶುದ್ಧ ಡೀಸೆಲ್ ಸಿಕ್ಕರೆ ಇದು ದಶಕಗಟ್ಟಲೆ ದುಡಿಯುವ ವಸ್ತು. ಅಷ್ಟು ನಾಜೂಕಾಗಿ ಕೂಡಿಸಿದ್ದನ್ನು ಕೊನೆಯ ಅನುಮಾನವಾಗಿ ಬಿಚ್ಚಬೇಕೇ ಹೊರತು ಮೊದಲನೆಯದಾಗಿ ಅಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಟಪ್ ಅಂತ, ಯಾರೋ ಕೀ ತಿರುಗಿಸಿದ ಹಾಗೆ ನಿಂತರೆ ವಯರಿನ ಕಡೆ ನೋಡಬೇಕು. ರೋಟರಿ ಪಂಪ್ ಇರುವ ಗಾಡಿಗಳಲ್ಲಿ ಪಂಪಿನ ತಲೆಯ ಮೇಲೆ ಒಂದು ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಇರುವಷ್ಟು ಹೊತ್ತು ಅದಕ್ಕೆ 12 ವೋಲ್ಟ್ ಹೋಗುತ್ತಿರಬೇಕು. ಹೋಗದಿದ್ದರೆ ಅದು ಡೀಸೆಲ್ ದಾರಿಯನ್ನು ಮುಚ್ಚುತ್ತದೆ. ಎಂಜಿನ್ ತಿರುಗದೆ ಬರೀ ಕೀ ಆನ್ ಮಾಡಿದಾಗ ಪಂಪಿನಿಂದ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಸಬೇಕು. ಕೀಯನ್ನು ಸ್ಟಾರ್ಟಿಗೆ ಹಿಡಿದಿರುವಷ್ಟು ಹೊತ್ತು ಎಂಜಿನ್ ಓಡಿ, ಕೈ ಬಿಟ್ಟ ತಕ್ಷಣ ನಿಂತರೆ ಸ್ವಿಚ್ಚಿನೊಳಗಿನ ಒಂದು ಪಾಯಿಂಟು ಸವೆದಿದೆ ಅಥವಾ ಫ್ಯೂಸಿನ ಹತ್ತಿರ ವಯರು ಸಡಿಲವಾಗಿದೆ. ಹಳ್ಳ ಇಳಿದು ಹತ್ತಿದಾಗ ನಿಂತರೂ ಇದೇ ಕಥೆ. ಸ್ಟಾಪ್ ಕೇಬಲ್ ಎಳೆದು ಆಫ್ ಮಾಡುವ ಗಾಡಿಯಾದರೆ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗಿರುವುದಿಲ್ಲ. ಪಂಪಿನ ಬಳಿಯ ಕಡ್ಡಿಯನ್ನು ಕೈಯಿಂದ ತಳ್ಳಿ ನೋಡಿದರೆ ಗೊತ್ತಾಗುತ್ತದೆ. ಆಕ್ಸಿಲರೇಟರ್ ಒತ್ತಿದ್ದಷ್ಟು ಹೊತ್ತು ಚೆನ್ನಾಗಿ ಓಡಿ, ಕಾಲು ತೆಗೆದಾಗಷ್ಟೇ ನಿಲ್ಲುವುದಾದರೆ ಐಡ್ಲಿಂಗ್ ಇಳಿದಿರಬಹುದು. ಇವೆಲ್ಲ ಸಣ್ಣ ಕೆಲಸಗಳು.

ಒದ್ದಾಡಿಕೊಂಡು, ಏರಿಳಿದು, ಉಸಿರು ಕಟ್ಟಿದಂತೆ ನಿಂತರೆ ಅದು ಡೀಸೆಲ್ ಸಾಲದ ಲಕ್ಷಣ. ನಮ್ಮ ಗಾಡಿಯದು ಇದೇ.

ಇಲ್ಲಿ ಹೊತ್ತಿನ ಲೆಕ್ಕ ಮಾತಾಡತೊಡಗುತ್ತದೆ. ಟ್ಯಾಂಕಿನಿಂದ ಡೀಸೆಲನ್ನು ಎಳೆದು ತರುವುದು ಫೀಡ್ ಪಂಪ್. ಅಲ್ಲಿಂದ ಅದು ಫಿಲ್ಟರ್ ಬೌಲುಗಳಿಗೆ, ಅಲ್ಲಿಂದ ಇಂಜೆಕ್ಷನ್ ಪಂಪಿಗೆ. ಬೇಕಾದ್ದಕ್ಕಿಂತ ಹೆಚ್ಚು ಬಂದದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸು. ರಾತ್ರಿಯಿಡೀ ನಿಂತ ಗಾಡಿಯ ಬೌಲಿನಲ್ಲಿ, ಪಂಪಿನಲ್ಲಿ ಒಂದಿಷ್ಟು ಡೀಸೆಲ್ ಉಳಿದಿರುತ್ತದೆ. ಸ್ಟಾರ್ಟ್ ಆಗುವುದು ಆ ಉಳಿಕೆಯಲ್ಲಿ. ನಿಲ್ಲುವುದು ಹೊಸದು ಬಂದು ಸೇರದೆ ಹೋದಾಗ. ಅರ್ಧ ನಿಮಿಷಕ್ಕೆ ನಿಂತರೆ ಗಾಳಿ ಹತ್ತಿರದಲ್ಲೇ ಸೇರುತ್ತಿದೆ ಅಥವಾ ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿ ಇಳಿದುಹೋಗಿ ಪೈಪು ಖಾಲಿಯಾಗಿದೆ. ನಾಲ್ಕೈದು ಕಿಲೋಮೀಟರ್ ಓಡಿ, ಏರಿನಲ್ಲಿ ಲೋಡು ಬಿದ್ದಾಗ ಸೋತರೆ ಫಿಲ್ಟರ್ ಕಟ್ಟಿದೆ. ಚೆನ್ನಾಗಿ ಓಡಿ ನಿಂತು, ಹತ್ತು ನಿಮಿಷ ಬಿಟ್ಟರೆ ತಾನಾಗಿ ಸರಿಯಾಗಿ, ಮತ್ತೆ ಅಷ್ಟೇ ದೂರಕ್ಕೆ ನಿಂತರೆ ಟ್ಯಾಂಕಿನ ಕಡೆ ತಿರುಗಿ.

ಟ್ಯಾಂಕಿನಲ್ಲಿ ಎರಡು ಕಾಟಗಳು. ಒಂದು ಮುಚ್ಚಳದ್ದು. ಅಡುಗೆ ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ, ಎದುರಿಗೆ ಇನ್ನೊಂದು ತೂತು ಹೊಡೆದರೆ ಧಾರೆಯಾಗಿ ಸುರಿಯುತ್ತದೆ. ಡೀಸೆಲ್ ಟ್ಯಾಂಕಿಗೆ ಗಾಳಿಯಾಡುವ ಆ ಎರಡನೇ ತೂತು ಎಷ್ಟೋ ಹಳೆಯ ಗಾಡಿಗಳಲ್ಲಿ ಮುಚ್ಚಳದಲ್ಲೇ ಇರುತ್ತದೆ. ಕೆಂಪು ಮಣ್ಣಿನ ಧೂಳು, ಡೀಸೆಲ್ ಜಿಡ್ಡು ಸೇರಿ ಅದು ಮುಚ್ಚಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಫೀಡ್ ಪಂಪ್ ಎಳೆಯಲಾರದೆ ಸೋಲುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿ. ‘ಸುಸ್’ ಎಂದು ಗಾಳಿ ಒಳಕ್ಕೆಳೆದ ಸದ್ದು ಬಂದರೆ ರೋಗ ಸಿಕ್ಕಿತು, ಚಿಕಿತ್ಸೆ ಒಂದು ಸೂಜಿ. ಎರಡನೆಯದು ಕಸ. ಬಂಕಿನಲ್ಲಿ ಬಿದ್ದ ಪ್ಲಾಸ್ಟಿಕ್ ಚೂರೋ, ಬಟ್ಟೆಯ ತುಂಡೋ, ತಳದ ತುಕ್ಕಿನ ಹಾಳೆಯೋ ಡೀಸೆಲ್ ಎಳೆಯುವ ಪೈಪಿನ ಬಾಯಿಗೆ ಹೋಗಿ ಅಂಟುತ್ತದೆ. ಎಂಜಿನ್ ನಿಂತಾಗ ಎಳೆತ ನಿಂತು ಅದು ತಳಕ್ಕೆ ಬೀಳುತ್ತದೆ. ಅದಕ್ಕೇ ಹತ್ತು ನಿಮಿಷ ಬಿಟ್ಟರೆ ಗಾಡಿಗೆ ಜೀವ ಬರುವುದು.

ಇನ್ನು ಗಾಳಿಯ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

ಡೀಸೆಲನ್ನು ಎಷ್ಟು ಒತ್ತಿದರೂ ಅದು ಹೆಚ್ಚುಕಡಿಮೆ ಕುಗ್ಗುವುದಿಲ್ಲ. ಅದಕ್ಕೇ ಪಂಪಿನ ಒತ್ತು ಪೈಪಿನುದ್ದಕ್ಕೂ ಸಾಗಿ 200 ಬಾರ್ ಆಸುಪಾಸಿನಲ್ಲಿ ನಾಝಲ್ ಬಾಯಿ ತೆರೆಸುತ್ತದೆ. ನಡುವೆ ಒಂದು ಗಾಳಿಗುಳ್ಳೆ ಬಂದರೆ ಪಂಪಿನ ಒತ್ತೆಲ್ಲ ಆ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ನಾಝಲ್ ಬಾಯಿ ತೆರೆಯುವುದಿಲ್ಲ. ಡ್ರೈವರುಗಳು ‘ಏರ್ ಹಿಡಿದಿದೆ’ ಎನ್ನುವುದು ಇದನ್ನೇ.

ಗಾಳಿ ಎಲ್ಲಿಂದ ಬರುತ್ತದೆ? ‘ಎಲ್ಲೂ ಲೀಕ್ ಇಲ್ಲ ಅಣ್ಣ, ಕೆಳಗೆ ಒಂದು ತೊಟ್ಟೂ ಬಿದ್ದಿಲ್ಲ’ ಎಂದು ನಾನೂ ಆ ಹಿರಿಯರಿಗೆ ಹೇಳಿದ್ದೆ. ಅವರು ನಮ್ಮ ಬಾವಿಯ ಪಂಪ್‌ಸೆಟ್ ಕಡೆ ಕೈ ತೋರಿಸಿದರು. ಬಾವಿಯಿಂದ ನೀರೆತ್ತುವ ಮೋಟಾರಿನ ಸಕ್ಷನ್ ಪೈಪಿನಲ್ಲಿ ಬಿರುಕು ಬಿಟ್ಟರೆ ಹೊರಕ್ಕೆ ನೀರು ಸೋರುವುದಿಲ್ಲ, ಒಳಕ್ಕೆ ಗಾಳಿ ಎಳೆದುಕೊಂಡು ಮೋಟಾರು ಬರಿದೇ ತಿರುಗುತ್ತದೆ. ಫುಟ್‌ವಾಲ್ವ್ ಹಿಡಿಯದಿದ್ದರೆ ರಾತ್ರಿಯೆಲ್ಲ ನೀರು ಕೆಳಗಿಳಿದು ಬೆಳಗ್ಗೆ ಮತ್ತೆ ನೀರು ತುಂಬಿ ಮೋಟಾರು ಹಾಕಬೇಕು. ಗಾಡಿಯ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪು ಕೂಡ ಸಕ್ಷನ್ ಪೈಪೇ. ಅಲ್ಲಿನ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ನೆಲಕ್ಕೆ ಬೀಳುವುದಿಲ್ಲ. ಬೋರಿಗೂ ಬಾವಿಗೂ ಮೋಟಾರು ಕೂರಿಸಿ ಬೆಳೆದ ನಮಗೆ ಇದು ಹೊಳೆಯಬೇಕಿತ್ತು.

ಕಾಣದ ಸೋರಿಕೆಯನ್ನು ಕಾಣಿಸುವ ಉಪಾಯ ಸುಲಭ. ಫೀಡ್ ಪಂಪಿಗೆ ಬಂದು ಸೇರುವ ಪೈಪನ್ನು ಬಿಚ್ಚಿ, ನಡುವೆ ಒಂದೆರಡು ಅಡಿ ಪಾರದರ್ಶಕ ಪಿವಿಸಿ ಪೈಪನ್ನು ಕ್ಲಿಪ್ ಹಾಕಿ ಸೇರಿಸಬೇಕು. ಎಂಜಿನ್ ಓಡಿಸಿ ಟಾರ್ಚ್ ಹಿಡಿದು ನೋಡಬೇಕು. ಮೊದಲು ನಾಲ್ಕಾರು ಗುಳ್ಳೆ ಹೋಗುವುದು ಸಹಜ. ನಿಲ್ಲದೆ ಸಾಲುಗಟ್ಟಿ ಗುಳ್ಳೆ ಬಂದರೆ ಗಾಳಿ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ ಸೇರುತ್ತಿದೆ. ಪೈಪಿನ ಆ ತುಂಡನ್ನು ಒಂದೊಂದೇ ಜಾಯಿಂಟು ಹಿಂದಕ್ಕೆ ಸರಿಸುತ್ತ ಹೋದರೆ ಕಳ್ಳ ಸಿಗುತ್ತಾನೆ. ಪರೀಕ್ಷೆ ಮುಗಿದ ಮೇಲೆ ಆ ಪೈಪನ್ನು ತೆಗೆದುಬಿಡಿ, ಡೀಸೆಲ್ ತಾಗಿ ಅದು ಗಟ್ಟಿಯಾಗಿ ಬಿರಿಯುತ್ತದೆ.

ಇನ್ನೊಂದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ, ಕ್ಯಾನಿನದು. ಟ್ಯಾಂಕನ್ನೇ ಪಕ್ಕಕ್ಕಿಟ್ಟು, ಶುದ್ಧ ಡೀಸೆಲ್ ತುಂಬಿದ ಐದು ಲೀಟರ್ ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಅದರಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಡಬೇಕು. ಸೈಲೆನ್ಸರ್ ಪೈಪಿನ ಬಿಸಿಯಿಂದ ದೂರ ಇರಲಿ, ಹತ್ತಿರದಲ್ಲಿ ಯಾರೂ ಬೀಡಿ ಹಚ್ಚದಿರಲಿ. ಏರ್ ತೆಗೆದು ಸ್ಟಾರ್ಟ್ ಮಾಡಿದಾಗ ಎಂಜಿನ್ ಅರ್ಧ ಗಂಟೆ ನಿರಾಳವಾಗಿ ಓಡಿತೇ? ಹಾಗಾದರೆ ಇಂಜೆಕ್ಷನ್ ಪಂಪು, ನಾಝಲ್, ಎಂಜಿನ್ ಎಲ್ಲ ನಿರಪರಾಧಿಗಳು. ತಪ್ಪು ಟ್ಯಾಂಕಿನಲ್ಲಿದೆ, ಪೈಪಿನಲ್ಲಿದೆ ಅಥವಾ ಫೀಡ್ ಪಂಪಿನಲ್ಲಿದೆ. ಈಗ ಅದೇ ಕ್ಯಾನನ್ನು ಕೆಳಗಿಳಿಸಿ ನೆಲದ ಮೇಲಿಡಿ. ಎತ್ತರದಲ್ಲಿ ಓಡಿದ್ದು ನೆಲಕ್ಕಿಟ್ಟಾಗ ನಿಂತರೆ ಫೀಡ್ ಪಂಪಿಗೆ ಎಳೆಯುವ ಶಕ್ತಿ ಇಲ್ಲ ಎಂದಾಯಿತು. ಅದರ ವಾಲ್ವು ಸವೆದಿರಬೇಕು ಇಲ್ಲವೇ ಒಳಗಿನ ಪುಟ್ಟ ಜಾಲರಿ ಕಟ್ಟಿರಬೇಕು. ಎಷ್ಟೋ ಮಾಲೀಕರಿಗೆ ಅಲ್ಲೊಂದು ಜಾಲರಿ ಇದೆ ಎಂಬುದೇ ತಿಳಿದಿರುವುದಿಲ್ಲ. ಎತ್ತರದಲ್ಲಿಟ್ಟರೂ ನಿಲ್ಲುವುದಾದರೆ ಫಿಲ್ಟರ್ ನೋಡಿ. ಅದೂ ಸರಿಯಿದ್ದರೆ ಮಾತ್ರ ಪಂಪಿನ ಮೇಲೆ ಅನುಮಾನ ಪಡಲು ಹಕ್ಕು ಬರುತ್ತದೆ.

ನಮ್ಮ ಗಾಡಿ ಕ್ಯಾನಿನ ಮೇಲೆ ನಲವತ್ತು ನಿಮಿಷ ಓಡಿತು. ಟ್ಯಾಂಕಿನ ಮೇಲ್ಭಾಗದಲ್ಲಿ, ಮರದ ಬಾಡಿಯ ಅಡಿಗೆ, ಕೈ ಮಾತ್ರ ಹೋಗುವ ಜಾಗದಲ್ಲಿ ಒಂದು ಗೇಣು ರಬ್ಬರ್ ಪೈಪಿತ್ತು. ಕ್ಲಿಪ್ಪಿನ ಕೆಳಗೆ ಅದು ಒಣಗಿ, ಉಗುರಿನಷ್ಟು ಸೀಳಿತ್ತು. ಹೊಸ ಪೈಪು, ಎರಡು ಕ್ಲಿಪ್ಪು ಸೇರಿ ಒಂದು ಊಟದ ದುಡ್ಡಾಗಲಿಲ್ಲ. ಬದಲಿಸಿದ ಮೇಲೆ ಗಾಡಿ ಒಂದು ಸಲವೂ ಬೇಲಿಯ ಹತ್ತಿರ ನಿಂತಿಲ್ಲ.

ಫಿಲ್ಟರಿನ ಬಗ್ಗೆ ಎರಡು ಮಾತು. ಹಳೆಯ ಜೋಡಿ ಬೌಲುಗಳಲ್ಲಿ ಮೊದಲನೆಯದರಲ್ಲಿ ಬಟ್ಟೆಯ ಫಿಲ್ಟರ್, ಎರಡನೆಯದರಲ್ಲಿ ಕಾಗದದ್ದು. ಬಟ್ಟೆಯದನ್ನು ತೊಳೆದು ಹಾಕುವ ರೂಢಿ ಇದೆ, ಕಾಗದದ್ದನ್ನು ತೊಳೆಯಲೇಬಾರದು. ನೆನೆದು ಹರಿದ ಕಾಗದ ಕೊಳೆಯನ್ನು ನೇರ ಪಂಪಿಗೆ ಬಿಡುತ್ತದೆ. ಮಳೆಗಾಲದಲ್ಲಿ ಬೌಲಿನ ತಳದ ತಿರುಪು ಸಡಿಲಿಸಿ ಒಂದಿಷ್ಟು ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಡಿ. ನೀರು ಇದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟುತ್ತದೆ, ಹಾಗಾಗಿ ನೀರು ಕಂಡ ಮಾತ್ರಕ್ಕೆ ಬಂಕಿನವರ ಜೊತೆ ಜಗಳಕ್ಕೆ ಹೋಗುವುದೂ ಸರಿಯಲ್ಲ. ‘ನಿನ್ನೆ ಫಿಲ್ಟರ್ ಹಾಕಿಸಿದೆ, ಇವತ್ತು ಗಾಡಿ ನಿಲ್ಲುತ್ತಿದೆ’ ಎಂದರೆ ಬೌಲಿನ ರಬ್ಬರ್ ರಿಂಗು ಮಡಚಿ ಕೂತಿದೆ, ಇಲ್ಲವೇ ಬೋಲ್ಟಿನ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದಾರೆ. ಒಮ್ಮೆ ಅದುಮಿಸಿಕೊಂಡ ತಾಮ್ರ ಎರಡನೇ ಸಲ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ.

ಏರ್ ತೆಗೆಯುವುದನ್ನು ಪ್ರತಿ ಮಾಲೀಕನೂ ಕಲಿಯಬೇಕು. ಫಿಲ್ಟರ್ ತಲೆಯ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತ ಹೋದರೆ ಮೊದಲು ಗಾಳಿ, ಆಮೇಲೆ ನೊರೆ, ಕೊನೆಗೆ ತಿಳಿಯಾದ ಡೀಸೆಲ್ ಬರುತ್ತದೆ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಅದೇ ಕೆಲಸ ಪಂಪಿನ ಸ್ಕ್ರೂವಿಗೂ. ಆದರೆ ದಿನಾ ಬೆಳಗ್ಗೆ ಏರ್ ತೆಗೆದು ಗಾಡಿ ಓಡಿಸುವುದು ದುರಸ್ತಿಯಲ್ಲ. ಗಾಳಿ ಬರುವ ದಾರಿ ಮುಚ್ಚುವವರೆಗೆ ರೋಗ ಹಾಗೇ ಇರುತ್ತದೆ. ನಾಝಲ್ ಸಿಡಿಸುವ ಡೀಸೆಲಿಗೆ ಯಾವತ್ತೂ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡದಲ್ಲಿ ಅದು ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ ಬೆರಳೇ ಹೋಗುವ ಅಪಾಯವಿದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಪಂಪೇ ಸವೆದಿರುವ ಸಂದರ್ಭ ಇಲ್ಲವೇ ಇಲ್ಲ ಎನ್ನಲಾರೆ. ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗಿ, ಕಾದ ಮೇಲೆ ನಿಂತು, ಆರುವವರೆಗೆ ಮತ್ತೆ ಹಿಡಿಯದೆ ಹೋದರೆ ರೋಟರಿ ಪಂಪಿನ ಹೆಡ್ ಸವೆದಿರಬಹುದು. ಕಾದ ಡೀಸೆಲ್ ತೆಳುವಾಗಿ ಸವೆದ ಸಂದಿನಲ್ಲಿ ನುಸುಳಿ ಒತ್ತಡ ಏಳುವುದಿಲ್ಲ. ಎಂಜಿನ್ ನಿಂತಿರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದ ಮೇಲೆ ಸ್ಟಾರ್ಟ್ ಆದರೆ ಆ ಅನುಮಾನ ಗಟ್ಟಿಯಾಗುತ್ತದೆ. ಕಾದ ಪಂಪಿಗೆ ಕೊಡಗಟ್ಟಲೆ ತಣ್ಣೀರು ಸುರಿಯುವವರನ್ನು ನೋಡಿದ್ದೇನೆ, ಅದು ಇರುವ ಪಂಪನ್ನೂ ಕೊಲ್ಲುವ ದಾರಿ.

ಹೊಗೆಯನ್ನೂ ಗಮನಿಸಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರು ಮುಟ್ಟುತ್ತಿಲ್ಲ. ಕಪ್ಪು ಹೊಗೆ ಕಾರಿ ನಿಂತರೆ ಏರ್ ಫಿಲ್ಟರ್ ತೆಗೆದು ನೋಡಿ.

ಇದು ಬರೀ ಬೆಳಗಿನ ತಡದ ಪ್ರಶ್ನೆಯಲ್ಲ. ಹಳೆಯ ಡೀಸೆಲ್ ಪಿಕಪ್ಪುಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಹುಟ್ಟುವುದು ಎಂಜಿನ್ ತಿರುಗಿಸುವ ಪಂಪಿನಿಂದ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿಯುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಹೊರೆ ಹೊತ್ತು ಇಳಿಯುವಾಗ ಹೀಗಾದರೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಬಲವಾಗಿ ಒತ್ತಿ ಹಿಡಿಯಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ನಿಂತ ಮೇಲೆ ಚಕ್ರಕ್ಕೆ ಕಲ್ಲು ಕೊಡಬೇಕು. ದಾರಿಯಲ್ಲಿ ಎರಡು ಸಲ ನಿಂತ ಗಾಡಿಯನ್ನು ಘಾಟಿಗೆ ಒಯ್ಯಲೇಬೇಡಿ.

ಒಂದು ಪಿಕಪ್ ನಾಲ್ಕೈದು ಕೈ ದಾಟಿ ಬರುವುದು ಹೆಚ್ಚಾಗಿ ತೀರಾ ಸಣ್ಣ ರೈತನ, ತರಕಾರಿ ವ್ಯಾಪಾರಿಯ ಅಂಗಳಕ್ಕೆ. ಬೇಕಿಲ್ಲದ ಪಂಪ್ ರಿಪೇರಿ ಅವನ ಒಂದು ಬೆಳೆಯ ಲಾಭವನ್ನು ನುಂಗುತ್ತದೆ. ಹಾಗಾಗಿ ಇಂಥ ಗಾಡಿ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ: ಸೀಟಿನಡಿಗೆ ಒಂದು ಮೀಟರ್ ಪಾರದರ್ಶಕ ಪೈಪು, ನಾಲ್ಕು ಕ್ಲಿಪ್ಪು, ನಾಲ್ಕು ಹೊಸ ತಾಮ್ರದ ವಾಷರು, ಒಂದು ಫಿಲ್ಟರ್ ಇಟ್ಟುಕೊಳ್ಳಿ. ಯಾರಾದರೂ ಪಂಪ್ ಬಿಚ್ಚಬೇಕು ಎಂದರೆ, ಮೊದಲು ಗಾಡಿಯನ್ನು ಕ್ಯಾನಿನ ಮೇಲೆ ಓಡಿಸಿ ತೋರಿಸಿ ಎಂದು ಕೇಳಿ.